ನೋಟು ಕಂಡರಾಗದವನ ಮುಖ ನೋಟಿನ ಮೇಲೆ

ಬ್ಯಾಂಕಿನಲ್ಲಿ ವಿದೇಶಿ ಹಣ ಬದಲಾಯಿಸುವ ಕೌಂಟರಿನಲ್ಲಿ ಕೆಲವು ವರ್ಷ ಕೂತಿದ್ದೆ. 20 ಡಾಲರಿನ ನೋಟು ಕೈಗೆ ಬಂದಾಗಲೆಲ್ಲ ಒಳಗೊಳಗೇ ನಗು ಬರುತ್ತಿತ್ತು. ಅದರ ಮೇಲೆ ಕೂದಲು ಎತ್ತಿ ಬಾಚಿದ ಮನುಷ್ಯ ಆಂಡ್ರ್ಯೂ ಜಾಕ್ಸನ್, ಅಮೆರಿಕದ 7ನೇ ಅಧ್ಯಕ್ಷ. ಕಾಗದದ ಹಣ ಅಂದರೆ ಅವನಿಗೆ ಆಗುತ್ತಲೇ ಇರಲಿಲ್ಲ!

ಅದಕ್ಕೆ ಕಾರಣವಿತ್ತು. 1795ರಲ್ಲಿ ಜಮೀನು ಮಾರಿ, ದುಡ್ಡಿನ ಬದಲು ಪ್ರಾಮಿಸರಿ ನೋಟು, ಅಂದರೆ ಮುಂದೆ ಹಣ ಕೊಡುತ್ತೇನೆ ಎಂದು ಬರೆದ ಚೀಟಿ, ತಗೊಂಡ. ಅದಕ್ಕೆ ತಾನೂ ಸಹಿ ಹಾಕಿ, ಅದನ್ನೇ ಕೊಟ್ಟು ತನ್ನ ಅಂಗಡಿಗೆ ಸಾಮಾನು ಕೊಂಡ. ಜಮೀನು ಕೊಂಡವನು ದಿವಾಳಿಯಾದ. ಹಣ ಬರಬೇಕಾದವರು ಜಾಕ್ಸನ್ ಬಾಗಿಲಿಗೆ ಬಂದರು. ಬೇರೆಯವರ ಸಾಲಕ್ಕೆ ಸಹಿ ಹಾಕಿದವರ ಪಾಡು ಏನಾಗುತ್ತದೆ ಅಂತ ನಾನು ಕೌಂಟರಿನ ಈಚೆಯಿಂದ ಬೇಕಾದಷ್ಟು ನೋಡಿದ್ದೇನೆ.

1815ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷರನ್ನು ಸೋಲಿಸಿ ಜನರಲ್ ಜಾಕ್ಸನ್ ಮನೆಮಾತಾದ. 1829ರಲ್ಲಿ ಅಧ್ಯಕ್ಷನಾದ. ಆಗ ಫಿಲಡೆಲ್ಫಿಯಾದಲ್ಲಿ ಒಂದು ದೊಡ್ಡ ಬ್ಯಾಂಕಿತ್ತು, ಸೆಕೆಂಡ್ ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್. ಬಂಡವಾಳ 3.5 ಕೋಟಿ ಡಾಲರ್. ಸರ್ಕಾರದ ಪಾಲು ಐದರಲ್ಲಿ ಒಂದು, ಉಳಿದದ್ದು ಖಾಸಗಿಯವರದು. ಆಗ ಚಿಕ್ಕ ಬ್ಯಾಂಕುಗಳೂ ತಮ್ಮದೇ ನೋಟು ಅಚ್ಚು ಹಾಕುತ್ತಿದ್ದವು. ಸರ್ಕಾರದ ಹಣ ಈ ದೊಡ್ಡ ಬ್ಯಾಂಕಿನಲ್ಲಿ ಇರುತ್ತಿದ್ದರಿಂದ, ಸುಂಕ ಕಟ್ಟಲು ಜನ ಕೊಟ್ಟ ಆ ನೋಟುಗಳು ಇದರ ಕೈ ಸೇರುತ್ತಿದ್ದವು. ಅವನ್ನು ಆಯಾ ಬ್ಯಾಂಕಿಗೇ ಒಯ್ದು, ಚಿನ್ನ ಬೆಳ್ಳಿ ಎಣಿಸಿ ಎನ್ನುತ್ತಿತ್ತು. ಆ ಭಯಕ್ಕೇ ಚಿಕ್ಕ ಬ್ಯಾಂಕುಗಳು ಮನಸ್ಸಿಗೆ ಬಂದಷ್ಟು ನೋಟು ಅಚ್ಚು ಹಾಕುತ್ತಿರಲಿಲ್ಲ. ಆಡಿಟ್‌ನವರು ಬರುತ್ತಾರೆಂದರೆ ಶಾಖೆಯಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತೇವಲ್ವಾ, ಹಾಗೆ.

1832ರಲ್ಲಿ ಈ ಬ್ಯಾಂಕಿನ ಪರವಾನಗಿ ಮುಂದುವರಿಸುವ ಮಸೂದೆಯನ್ನು ಜಾಕ್ಸನ್ ತಿರಸ್ಕರಿಸಿದ. ಸಾರ್ವಜನಿಕರ ಹಣದಿಂದ ಕೆಲವೇ ಶ್ರೀಮಂತರು ಕೊಬ್ಬುತ್ತಿದ್ದಾರೆ ಅನ್ನುವುದು ಅವನ ವಾದ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಮರುವರ್ಷ ಸರ್ಕಾರದ ಠೇವಣಿಯನ್ನೂ ಬೇರೆ ಕಡೆಗೆ ತಿರುಗಿಸಿದ. ಇದಕ್ಕೆ ಬ್ಯಾಂಕಿನ ಅಧ್ಯಕ್ಷ ನಿಕೊಲಸ್ ಬಿಡಲ್ ಸಾಲ ಬಿಗಿ ಮಾಡಿ ವ್ಯಾಪಾರಿಗಳನ್ನು ಕಂಗೆಡಿಸಿದ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ. ಇವರ ಕೈಯಲ್ಲಿ ಅಧಿಕಾರ ಜಾಸ್ತಿ ಇದೆ ಅಂತ ಜಾಕ್ಸನ್ ಹೇಳಿದ್ದು ನಿಜ ಅನ್ನಿಸುವಂತಾಯಿತು.

ಆದರೆ ಆಡಿಟ್ ಹೋದ ಮೇಲೆ ಏನಾಯಿತು? ಠೇವಣಿ ಸಿಕ್ಕ ರಾಜ್ಯದ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು. ಆ ನೋಟು ಹಿಡಿದು ಜನ ಸರ್ಕಾರಿ ಜಮೀನಿಗೆ ಮುಗಿಬಿದ್ದರು. ಗಾಬರಿಯಾದ ಜಾಕ್ಸನ್ 1836ರಲ್ಲಿ, ಜಮೀನಿಗೆ ಚಿನ್ನ ಬೆಳ್ಳಿಯೇ ಬೇಕು ಎಂದ. ಇಂಗ್ಲೆಂಡಿನಲ್ಲೂ ಸಾಲ ಬಿಗಿಯಾಯಿತು, ಹತ್ತಿಯ ಬೆಲೆ ಬಿತ್ತು. 1837ರ ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ನಾಣ್ಯ ಕೊಡುವುದನ್ನೇ ನಿಲ್ಲಿಸಿದವು. ಅಷ್ಟರಲ್ಲಿ ಜಾಕ್ಸನ್ ಅಧಿಕಾರ ಬಿಟ್ಟು ಊರು ಸೇರಿಯಾಗಿತ್ತು. ಬೈಗುಳ ತಿಂದವನು ಮುಂದಿನ ಅಧ್ಯಕ್ಷ ವ್ಯಾನ್ ಬ್ಯೂರನ್.

1835ರಲ್ಲಿ ಅಮೆರಿಕದ ಸಾಲ ಪೂರ್ತಿ ತೀರಿತ್ತು. ಈಗಲೂ ಜಾಕ್ಸನ್ ಅಭಿಮಾನಿಗಳು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಲೆಕ್ಕದವನಾಗಿ ನಾನು ಜಮೆಯ ಕಡೆ ನೋಡುತ್ತೇನೆ. ಜಮೀನು ಮಾರಿದ ದುಡ್ಡೂ ಅಲ್ಲಿದೆ. ಆ ಜಮೀನು ಯಾರದು? 1830ರಲ್ಲಿ ಜಾಕ್ಸನ್ ಸಹಿ ಹಾಕಿದ ಕಾಯ್ದೆಯಡಿ ಚೊಕ್ಟಾ, ಕ್ರೀಕ್, ಚಿಕಸಾ ಎಂಬ ಮೂಲನಿವಾಸಿ ಜನರನ್ನು ಅವರ ನೆಲದಿಂದ ಎಬ್ಬಿಸಲಾಯಿತು. 1838ರಲ್ಲಿ ಚೆರೋಕಿಗಳನ್ನು ಸೈನ್ಯವೇ ಹೊರಡಿಸಿತು. ಸುಮಾರು 4,000 ಜನ ಸತ್ತರು ಎನ್ನುತ್ತಾರೆ.

2016ರಲ್ಲಿ ಜಾಕ್ಸನ್‌ನನ್ನು ನೋಟಿನ ಹಿಂಬದಿಗೆ ಸರಿಸಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ನೂರಾರು ಜನರ ಬಿಡುಗಡೆಗೆ ದುಡಿದ ಹ್ಯಾರಿಯೆಟ್ ಟಬ್‌ಮನ್ ಚಿತ್ರವನ್ನು ಮುಂದೆ ಹಾಕುತ್ತೇವೆ ಎಂದು ಅಲ್ಲಿನ ಖಜಾನೆ ಇಲಾಖೆ ಹೇಳಿತು. ಜಾಕ್ಸನ್ ತೋಟದಲ್ಲಿ ದುಡಿದವರೂ ಗುಲಾಮರೇ. ನೋಟು ಮಾತ್ರ ಇನ್ನೂ ಹಳೆಯದೇ.