ಕಲ್ಲುಗುಡ್ಡದ ಹಳದಿ ಕತ್ತಿನ ಪಿಕಳಾರ

ಪಿಕಳಾರ ನೋಡದವರು ಕಡಿಮೆ. ಜುಟ್ಟು ನಿಗುರಿಸಿಕೊಂಡು ತಂತಿ ಮೇಲೆ ಕೂರುತ್ತದೆ, ಬಾಲ್ಕನಿಯ ಕುಂಡದಲ್ಲೂ ಗೂಡು ಕಟ್ಟುತ್ತದೆ. ಅದರ ಹತ್ತಿರದ ನೆಂಟ ಹಳದಿ ಕತ್ತಿನ ಪಿಕಳಾರ ಮಾತ್ರ ಊರಿಗೆ ಬರುವುದಿಲ್ಲ. ಅದಕ್ಕೆ ಕುರುಚಲು ಕಾಡು ಬೇಕು, ಅದೂ ಹೆಬ್ಬಂಡೆಗಳ ನಡುವೆ ಬೆಳೆದದ್ದು. ನಂದಿಬೆಟ್ಟ, ರಾಮನಗರ, ದೇವರಾಯನದುರ್ಗ, ಆಂಧ್ರದ ಹಾರ್ಸ್ಲಿ ಬೆಟ್ಟ, ಕೇರಳದ ಚಿನ್ನಾರ್ ಹೀಗೆ ದಕ್ಷಿಣ ಭಾರತದ ಕೆಲವು ಗುಡ್ಡಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇದು ಇಲ್ಲ. 1845ರಲ್ಲಿ ಬ್ರಿಟಿಷ್ ಪಕ್ಷಿತಜ್ಞ ಜೆರ್ಡನ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಇವತ್ತು ಅಳಿವಿನ ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿದೆ.

ಉದ್ದ ಸುಮಾರು 20 ಸೆಂ.ಮೀ. ಜುಟ್ಟಿಲ್ಲ. ತಲೆ ಹಸಿರು ಬೆರೆತ ಹಳದಿ, ಗಂಟಲು ಅಚ್ಚ ಹಳದಿ, ಎದೆ ಬೂದು, ಬಾಲದ ತುದಿಗೂ ಮಾಸಲು ಹಳದಿ. ಬಣ್ಣ ಇಷ್ಟಿದ್ದರೂ ಕಣ್ಣಿಗೆ ಬೀಳುವುದು ಕಷ್ಟ. ಪೊದೆಯೊಳಗಿಂದ ಗಡಿಬಿಡಿಯಲ್ಲಿ ಉಲಿದು ಸುಮ್ಮನಾಗುತ್ತದೆ. ಅದೇ ಕುರುಚಲಲ್ಲಿರುವ ಬಿಳಿ ಹುಬ್ಬಿನ ಪಿಕಳಾರದ ದನಿಯೂ ಹೆಚ್ಚುಕಮ್ಮಿ ಹೀಗೇ. ಪಳಗಿದ ಕಿವಿಗಳೂ ಏಮಾರುತ್ತವೆ.

ಬಂಡೆಯೇ ಯಾಕೆ? ಬೋಳು ಬಂಡೆ ಮೇಲೆ ಬಿದ್ದ ಮಳೆ ಇಂಗದೆ ಜಾರಿ ಬುಡಕ್ಕೆ ಬರುತ್ತದೆ. ಬಿರುಕಲ್ಲಿ ಎಲೆ ಕೊಳೆತು ಒಂದಿಷ್ಟು ಮಣ್ಣು ಕೂಡುತ್ತದೆ. ಸುತ್ತ ಒಣಗಿದ್ದರೂ ಆ ಸಂದಿಯಲ್ಲಿ ತೇವ ಜಾಸ್ತಿ ದಿನ ಉಳಿಯುತ್ತದೆ. ಅಲ್ಲೇ ಅತ್ತಿ ಜಾತಿಯ ಗಿಡಗಳು ಬೇರಿಳಿಸುತ್ತವೆ, ಕಾರೆ, ಕವಳೆ ದಟ್ಟವಾಗುತ್ತವೆ. ಮೇಕೆಗೂ ಬೆಂಕಿಗೂ ಅಲ್ಲಿಗೆ ನುಗ್ಗುವುದು ಅಷ್ಟು ಸುಲಭವಲ್ಲ. ಹಕ್ಕಿಗೆ ಹಣ್ಣು, ಹುಳು, ನೆರಳು, ಮರೆ ಎಲ್ಲ ಒಂದೇ ಕಡೆ ಸಿಕ್ಕಿತಲ್ವಾ? ಹಣ್ಣು ನುಂಗಿ ಹಿಕ್ಕೆ ಹಾಕಿದರೆ ಬೀಜ ಇನ್ನೊಂದು ಬಿರುಕಿಗೆ ಸೇರುತ್ತದೆ.

ತೊಂದರೆ ಶುರುವಾಗುವುದೂ ಬಂಡೆಯಿಂದಲೇ. ಗ್ರಾನೈಟಿಗೆ ಗಿರಾಕಿ ಇದ್ದಾರೆ. ಸೌದೆಗೆ ಕಡಿದ ಪೊದೆ ನಾಲ್ಕು ಮಳೆ ಕಂಡರೆ ಚಿಗುರಬಹುದು. ಜಲ್ಲಿಯಾಗಿ ಲಾರಿ ಹತ್ತಿದ ಬಂಡೆ? ರಾಮನಗರದ ಗ್ರಾನೈಟ್ ರೂಪುಗೊಂಡು ಸುಮಾರು 250 ಕೋಟಿ ವರ್ಷವಾಯಿತು. ಗುಡ್ಡಗಳ ನಡುವೆ ಹೊಲ, ರಸ್ತೆ, ಲೇಔಟು ಬೇರೆ. ಒಂದು ಗುಡ್ಡ ಹೋದರೆ ಅಲ್ಲಿನ ಹಕ್ಕಿಗಳಿಗೆ ಪಕ್ಕದ ಗುಡ್ಡ ಸೇರುವುದು ಸುಲಭವಿಲ್ಲ.

ನನಗೆ ಕ್ವಾರಿಗಿಂತ ಜಾಸ್ತಿ ತಲೆಬಿಸಿ ಮಾಡುವುದು ಒಳ್ಳೆ ಮನಸ್ಸಿನ ಗಿಡ ನೆಡುವ ಕಾರ್ಯಕ್ರಮಗಳು. ಸರ್ಕಾರದ ಬಂಜರು ಭೂಮಿ ನಕ್ಷೆಯಲ್ಲಿ ಕುರುಚಲಿಗೂ ಜಾಗ ಸಿಕ್ಕಿದೆ. ಬಂಜರು ಅಂದಮೇಲೆ ‘ಅಭಿವೃದ್ಧಿ’ ಮಾಡಬೇಕಲ್ಲ! ಮುಳ್ಳುಪೊದೆ ಸವರಿ ನೀಲಗಿರಿ, ಅಕೇಶಿಯಾ ಸಾಲು ನೆಡುತ್ತಾರೆ. ದೂರದಿಂದ ಹಸಿರಾಗಿಯೇ ಕಾಣುತ್ತದೆ. ಆ ಸಾಲಿನಲ್ಲಿ ಈ ಪಿಕಳಾರಕ್ಕೆ ತಿನ್ನಲು ಒಂದು ಹಣ್ಣಿಲ್ಲ.

ಲಂಟಾನದ ವಿಷಯ ಇನ್ನೂ ಗೋಜಲು. ಹೊರಗಿಂದ ಬಂದ ಕಳೆ, ನಮ್ಮ ಗಿಡಗಳನ್ನು ತುಳಿದು ಹಬ್ಬುತ್ತದೆ, ತೆಗೆಯಲೇಬೇಕು. ಆದರೆ ಕಾರೆ, ಕವಳೆ ಆಗಲೇ ಹೋಗಿರುವ ಕಡೆ ಹಕ್ಕಿಗೆ ಉಳಿದಿರುವ ಮರೆ ಅದೊಂದೇ ಆಗಿರಬಹುದು. ಜೆಸಿಬಿ ತಂದು ಒಂದೇ ದಿನಕ್ಕೆ ಬೋಳಿಸುವ ಬದಲು ಸ್ವಲ್ಪ ಸ್ವಲ್ಪ ಕಿತ್ತು, ಆ ಜಾಗದಲ್ಲಿ ಹಳೆ ಪೊದೆಗಳು ಮತ್ತೆ ಎದ್ದ ಮೇಲೆ ಮುಂದಕ್ಕೆ ಹೋಗಬೇಕು.