ಹತ್ತು ನ್ಯಾನೊಸೆಕೆಂಡಿನ ತಕ್ಕಡಿ

"ಕಂಪ್ಯೂಟರ್ ಆನ್ ಆಯ್ತು, ಗೇಮ್ ಓಡ್ತಿದೆ, ಇನ್ನೇನು ಬೇಕು?" ಮೆಮೊರಿ ಓವರ್‌ಕ್ಲಾಕ್ (ಅಂದರೆ ತಯಾರಕರು ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಓಡುವಂತೆ) ಮಾಡಿದವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಕಾಲಕ್ಕೆ ನಾನೂ ಹಾಗೇ ನಂಬಿದ್ದೆ. ನಾಲ್ಕು ತಿಂಗಳು ಯಾವ ತೊಂದರೆಯೂ ಕಾಣಲಿಲ್ಲ. ಆಮೇಲೆ ಒಂದು ದಿನ, ಹಳೆಯ ಫೋಟೊಗಳನ್ನೆಲ್ಲ ಸೇರಿಸಿ ಜಿಪ್ ಮಾಡಿಟ್ಟಿದ್ದ ಫೈಲ್ ತೆರೆಯಲು ಹೋದರೆ ತೆರೆಯಲೇ ಇಲ್ಲ. ಡಿಸ್ಕ್ ಪರೀಕ್ಷೆ ಮಾಡಿದೆ, ಅದು ಚೆನ್ನಾಗಿಯೇ ಇತ್ತು. ಹಾಗಾದರೆ ತಪ್ಪು ಎಲ್ಲಿ ನುಸುಳಿತು? ಅದನ್ನು ಹಿಡಿದ ಕಥೆ ಕೊನೆಗೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಮೊದಲು ಮೆಮೊರಿಯ ಒಳಗೆ ಹೋಗಬೇಕು.

ಮೆಮೊರಿ ತಪ್ಪಿದರೆ ಕಂಪ್ಯೂಟರ್ ನಿಂತು ನೀಲಿ ಪರದೆ ಬಂದೇ ಬರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ತಿರುಗಿದ (0 ಇದ್ದದ್ದು 1 ಆದ, ಇಲ್ಲವೇ 1 ಇದ್ದದ್ದು 0 ಆದ) ಬಿಟ್ ಪ್ರೋಗ್ರಾಮಿನ ಆಯಕಟ್ಟಿನ ಜಾಗದಲ್ಲಿದ್ದರೆ ಬರಬಹುದು. ಫೋಟೊದ ಒಂದು ಚುಕ್ಕೆಯಲ್ಲಿದ್ದರೆ ಆ ಚುಕ್ಕೆಯ ಬಣ್ಣ ಬದಲಾಗುತ್ತದೆ, ಯಾರೂ ಗಮನಿಸುವುದಿಲ್ಲ. ಲೆಕ್ಕದ ಹಾಳೆಯ ಒಂದು ಅಂಕಿಯಲ್ಲಿದ್ದರೆ ಅಂಕಿಯೇ ಬದಲಾಗುತ್ತದೆ, ಆಗಲೂ ಕಂಪ್ಯೂಟರ್ ಆರಾಮಾಗಿ ಓಡುತ್ತಿರುತ್ತದೆ. ನನಗೆ ಭಯ ಇರುವುದು ಸದ್ದಿಲ್ಲದ ಈ ತಪ್ಪಿನ ಬಗ್ಗೆ.

ಇವತ್ತಿನ ಮೆಮೊರಿಯಲ್ಲಿ ಒಂದು ಬಿಟ್ ಅಂದರೆ ಒಂದು ಪುಟ್ಟ ಕೆಪ್ಯಾಸಿಟರ್, ಅದಕ್ಕೆ ಬಾಗಿಲಿನಂತೆ ಒಂದು ಟ್ರಾನ್ಸಿಸ್ಟರ್. ಕೆಪ್ಯಾಸಿಟರ್ ತುಂಬಿದ್ದರೆ 1, ಖಾಲಿ ಇದ್ದರೆ 0. 'ತುಂಬಿದೆ' ಅಂದರೂ ಅದರಲ್ಲಿ ಇರುವುದು ಕೆಲವು ಹತ್ತು ಸಾವಿರ ಎಲೆಕ್ಟ್ರಾನ್‌ಗಳ ವ್ಯತ್ಯಾಸ, ಅಷ್ಟೇ. ಇಂಥ ಕೋಶಗಳು 32 ಜಿಬಿ ಮೆಮೊರಿಯಲ್ಲಿ ಸುಮಾರು 27,500 ಕೋಟಿ ಇರುತ್ತವೆ. ಒಂದೊಂದೂ ತೂತು ಬಿದ್ದ ಬಿಂದಿಗೆ. ತುಂಬಿಸಿಟ್ಟ ಕ್ಷಣದಿಂದಲೇ ಸೋರಲು ಶುರು. ಅದಕ್ಕೇ ಹಿಂದಿನ ಪೀಳಿಗೆಯ ಮೆಮೊರಿಯಾದ ಡಿಡಿಆರ್4ರಲ್ಲಿ 64 ಮಿಲಿಸೆಕೆಂಡಿಗೊಮ್ಮೆ, ಅದರ ನಂತರದ ಡಿಡಿಆರ್5ರಲ್ಲಿ 32 ಮಿಲಿಸೆಕೆಂಡಿಗೊಮ್ಮೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಿಸಬೇಕು. ಇದೇ ರಿಫ್ರೆಶ್.

ಸೋರುವ ಪಾತ್ರೆಯಲ್ಲಿ ನೆನಪು ಇಡುವ ಧೈರ್ಯ ಯಾರಿಗೆ ಬಂತು? ಸಾಮಾನ್ಯವಾಗಿ ಐಬಿಎಂನ ರಾಬರ್ಟ್ ಡೆನಾರ್ಡ್ ಹೆಸರು ಹೇಳುತ್ತಾರೆ. ಒಂದು ಬಿಟ್‌ಗೆ ಆರು ಟ್ರಾನ್ಸಿಸ್ಟರ್ ಬಳಸುತ್ತಿದ್ದ ಕಾಲದಲ್ಲಿ ಒಂದೇ ಸಾಕು ಅಂತ ತೋರಿಸಿಕೊಟ್ಟು, 1968ರಲ್ಲಿ ಪೇಟೆಂಟ್ ಪಡೆದವರು ಅವರು. ಆದರೆ ಸೋರುವ ನೆನಪಿನ ಉಪಾಯ ಅದಕ್ಕಿಂತಲೂ ಹಳೆಯದು, ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅಮೆರಿಕದ ಅಯೋವಾದಲ್ಲಿ ಜಾನ್ ಅಟನಾಸಾಫ್ ಮತ್ತು ಕ್ಲಿಫರ್ಡ್ ಬೆರ್ರಿ 1942ರ ಹೊತ್ತಿಗೆ ಕಟ್ಟಿದ ಯಂತ್ರದಲ್ಲಿ ಎರಡು ಉರುಳೆಗಳಿದ್ದವು. ಒಂದೊಂದರಲ್ಲೂ 1600 ಕೆಪ್ಯಾಸಿಟರ್. ಉರುಳೆ ಸೆಕೆಂಡಿಗೆ ಒಂದು ಸುತ್ತು ಸುತ್ತುತ್ತಿತ್ತು, ಸುತ್ತುವಾಗಲೇ ಪ್ರತಿ ಕೆಪ್ಯಾಸಿಟರನ್ನೂ ಓದಿ ಮತ್ತೆ ತುಂಬಿಸಲಾಗುತ್ತಿತ್ತು. ಅಟನಾಸಾಫ್ ಇದಕ್ಕೆ 'ಜಾಗಿಂಗ್' ಎಂದು ಹೆಸರಿಟ್ಟರು. ಮರೆತವರನ್ನು ತಟ್ಟಿ ನೆನಪಿಸುತ್ತೇವಲ್ಲ, ಆ ಅರ್ಥದಲ್ಲಿ. ನಿಮ್ಮ ಮೇಜಿನ ಮೇಲಿನ ಯಂತ್ರ ಈ ಕ್ಷಣ ಮಾಡುತ್ತಿರುವುದೂ ಅದನ್ನೇ, ತುಂಬಾ ಜೋರಾಗಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ: ಓದುವುದು. ಇಷ್ಟು ಸಣ್ಣ ಕೋಶದಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ನೂರಾರು ಕೋಶಗಳು ಬಿಟ್‌ಲೈನ್ ಎಂಬ ಒಂದೊಂದು ತಂತಿಗೆ ಸಾಲುಸಾಲಾಗಿ ಜೋತುಬಿದ್ದಿರುತ್ತವೆ. ಆ ತಂತಿಯನ್ನು ಮೊದಲು ಸರಿಯಾಗಿ ಅರ್ಧ ವೋಲ್ಟೇಜಿಗೆ ತಂದು ನಿಲ್ಲಿಸುತ್ತಾರೆ. ಖಾಲಿ ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತ ಹಾಗೆ. ಆಮೇಲೆ ಕೋಶದ ಬಾಗಿಲು ತೆರೆಯುತ್ತದೆ. ತಂತಿ ಕೋಶಕ್ಕಿಂತ ಹಲವು ಪಟ್ಟು ದೊಡ್ಡದು. ಹಾಗಾಗಿ ಕೋಶದಲ್ಲಿದ್ದದ್ದು ತಂತಿಗೆ ಬೆರೆತಾಗ ಮುಳ್ಳು ಅಲುಗುವುದು ತೀರಾ ಸ್ವಲ್ಪ, ವೋಲ್ಟಿನ ಹತ್ತನೇ ಒಂದು ಪಾಲಿನ ಆಸುಪಾಸು. ಕೊಡ ನೀರಿಗೆ ಒಂದು ಲೋಟ ಬಿಸಿನೀರು ಸುರಿದು, ಬೆಚ್ಚಗಾಯಿತಾ ಅಂತ ಕೈಯಿಟ್ಟು ನೋಡಿದಂತೆ.

ಆ ಸಣ್ಣ ಅಲುಗಾಟವನ್ನು ಹಿಡಿಯುವುದು ಸೆನ್ಸ್ ಆಂಪ್ಲಿಫೈಯರ್. ಅದು ಎರಡು ತಂತಿಗಳ ನಡುವಿನ ಹಗ್ಗಜಗ್ಗಾಟ. ಒಂದು ಕಡೆ ಕೋಶ ತೆರೆದ ತಂತಿ, ಇನ್ನೊಂದು ಕಡೆ ಅರ್ಧದಲ್ಲೇ ನಿಂತ ತಂತಿ. ಯಾವ ಕಡೆ ಕೂದಲೆಳೆಯಷ್ಟು ಬಲ ಜಾಸ್ತಿಯೋ ಆ ಕಡೆ ಎಳೆತ ಇನ್ನೂ ಜೋರಾಗುತ್ತದೆ. ಜೋರಾದಷ್ಟೂ ಮತ್ತಷ್ಟು ಎಳೆಯುತ್ತದೆ. ಗುಡ್ಡದ ನೆತ್ತಿಯ ಮೇಲೆ ನಿಲ್ಲಿಸಿದ ಕಲ್ಲು ಯಾವ ಕಡೆಗೆ ಚೂರು ವಾಲಿದರೂ ಆ ಕಡೆಗೇ ಉರುಳಿ ತಳ ಸೇರುತ್ತದೆ. ಉರುಳಿದ ಮೇಲೆ ಅನುಮಾನ ಇಲ್ಲ: ತಂತಿ ಪೂರ್ತಿ 1 ಅಥವಾ ಪೂರ್ತಿ 0. ಬಾಗಿಲು ಇನ್ನೂ ತೆರೆದೇ ಇರುವುದರಿಂದ, ಅದೇ ಬಲ ಕೋಶವನ್ನು ಮತ್ತೆ ತುಂಬಿಸುತ್ತದೆ ಇಲ್ಲವೇ ಖಾಲಿ ಮಾಡುತ್ತದೆ. ಓದಿದಾಗ ಕೋಶದಲ್ಲಿದ್ದದ್ದು ಕಳೆದೇ ಹೋಗಿರುತ್ತದೆ, ಹಾಗಾಗಿ ಈ ಮರಳಿ ತುಂಬುವಿಕೆ ಆಗಲೇಬೇಕು. ಎಷ್ಟು ಚೆಂದದ ಏರ್ಪಾಡು ಅಲ್ವಾ?

ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ) ಸಾಲಾಗಿ ಕಾಣುವ ಟೈಮಿಂಗ್‌ಗಳಲ್ಲಿ ಮುಖ್ಯವಾದವು ಇದೇ ತೂಗುವ ಕೆಲಸದ ಗಡುವುಗಳು. ಟಿಆರ್‌ಸಿಡಿ ಅಂದರೆ ಬಾಗಿಲು ತೆರೆದ ಮೇಲೆ ಕಲ್ಲು ಉರುಳಲು ಕೊಡುವ ಹೊತ್ತು. ಟಿಆರ್‌ಎಎಸ್ ಅಂದರೆ ಕೋಶ ಮರಳಿ ತುಂಬುವ ತನಕ ಬಾಗಿಲು ತೆರೆದಿರಬೇಕಾದ ಹೊತ್ತು. ಟಿಆರ್‌ಪಿ ಅಂದರೆ ಮುಳ್ಳನ್ನು ಮತ್ತೆ ನಡುವಿಗೆ ತರಲು ಬೇಕಾದ ಹೊತ್ತು. ಓವರ್‌ಕ್ಲಾಕ್ ಮಾಡುವವರು ಇವುಗಳನ್ನೆಲ್ಲ ಹಿಂಡುತ್ತಾರೆ. ಟಿಆರ್‌ಎಎಸ್ ಅತಿಯಾಗಿ ಹಿಂಡಿದರೆ ಕೋಶ ಅರೆತುಂಬಿದಾಗಲೇ ಬಾಗಿಲು ಮುಚ್ಚುತ್ತದೆ, ಈಗಲ್ಲ, ಮುಂದಿನ ಸಲ ಓದುವಾಗ ತಪ್ಪುತ್ತದೆ. ಟಿಆರ್‌ಪಿ ಹಿಂಡಿದರೆ ಮುಳ್ಳು ಹಿಂದಿನ ತೂಕದ ಕಡೆಗೇ ಇನ್ನೂ ಚೂರು ವಾಲಿರುತ್ತದೆ. ಒಂದೇ ತಂತಿಯಲ್ಲಿ ಹಿಂದೆ ಓದಿದ್ದು 1, ಈಗ ಓದಬೇಕಾದದ್ದು 0 ಅಂದುಕೊಳ್ಳಿ. ಆ ವಾಲುವಿಕೆ ಈ 0ಯನ್ನು ನುಂಗಿಬಿಡಬಹುದು. ಹಿಂದಿನದೂ 0 ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಪರೀಕ್ಷೆಯ ಗುಟ್ಟು ಇಲ್ಲೇ ಇದೆ.

ಸಿಎಲ್ ಅಂಕಿಯ ಬಗ್ಗೆ ಒಂದು ಮಾತು: ಓದು ಎಂದ ಮೇಲೆ ಬಿಟ್ ಹೊರಬರುವ ತನಕ ಎಷ್ಟು ಕಾಯಬೇಕು ಎಂದು ಹೇಳುವ ಅಂಕಿ ಇದು. "ಸಿಎಲ್ 16 ಇದ್ದದ್ದು ಸಿಎಲ್ 30 ಆಯ್ತು, ಹೊಸ ಮೆಮೊರಿ ನಿಧಾನ" ಅನ್ನುವವರಿದ್ದಾರೆ. ಸಿಎಲ್ ಎಣಿಸುವುದು ಕ್ಲಾಕ್ ಬಡಿತಗಳನ್ನು, ಹೊತ್ತನ್ನಲ್ಲ. ಮೊದಲ ಪೀಳಿಗೆಯ ಡಿಡಿಆರ್ 400ರಲ್ಲಿ ಒಂದು ಬಡಿತ 5 ನ್ಯಾನೊಸೆಕೆಂಡ್, ಸಿಎಲ್ 2 ಅಂದರೆ 10 ನ್ಯಾನೊಸೆಕೆಂಡ್. ಡಿಡಿಆರ್4 3200, ಸಿಎಲ್ 16: ಲೆಕ್ಕ ಹಾಕಿದರೆ 10 ನ್ಯಾನೊಸೆಕೆಂಡ್. ಡಿಡಿಆರ್5 6000, ಸಿಎಲ್ 30: ಮತ್ತೆ 10. ತಕ್ಕಡಿ ಹೆಚ್ಚುಕಡಿಮೆ ಅದೇ ವೇಗದಲ್ಲಿದೆ. ಬೆಳೆದದ್ದು ಒಂದೇ ಸಲಕ್ಕೆ ಎಷ್ಟು ಬಿಟ್ ಎತ್ತಿ ಕಳಿಸುತ್ತೇವೆ ಅನ್ನುವುದು, ಮತ್ತು ಕಳಿಸುವ ದಾರಿಯ ವೇಗ.

ಆ ದಾರಿಯ ಕಥೆ ಬೇರೆ. 6000 ಎಂದರೆ ಒಂದೊಂದು ತಂತಿಯಲ್ಲೂ ಸೆಕೆಂಡಿಗೆ 600 ಕೋಟಿ ಬಿಟ್. ಒಂದು ಬಿಟ್‌ಗೆ ಸಿಗುವ ಹೊತ್ತು ಒಂದು ನ್ಯಾನೊಸೆಕೆಂಡಿನ ಆರನೇ ಒಂದು ಪಾಲು. ಅಷ್ಟರಲ್ಲಿ ಮದರ್‌ಬೋರ್ಡಿನ ಗೆರೆಯ ಮೇಲೆ ಸಂಕೇತ ಎರಡೂವರೆ ಸೆಂಟಿಮೀಟರಿನಷ್ಟು ಸಾಗುತ್ತದೆ. ಅದಕ್ಕೇ ಕಂಪ್ಯೂಟರ್ ಆನ್ ಆಗುವಾಗ ಪ್ರತಿ ತಂತಿಯಲ್ಲೂ ಯಾವ ಕ್ಷಣದಲ್ಲಿ ನೋಡಿದರೆ ಬಿಟ್ ಸ್ಪಷ್ಟವಾಗಿ ಕಾಣುತ್ತದೆ ಎಂದು ಹುಡುಕಿಕೊಳ್ಳುತ್ತದೆ. ಇದಕ್ಕೆ ಟ್ರೇನಿಂಗ್ ಅನ್ನುತ್ತಾರೆ. ಡಿಡಿಆರ್5 ಮೊದಲ ಸಲ ಆನ್ ಆಗಲು ನಿಮಿಷಗಟ್ಟಲೆ ಹಿಡಿಯುವುದು ಇದಕ್ಕೇ. ಪ್ರತಿ ಸಲದ ಹುಡುಕಾಟ ಒಂದೇ ಜಾಗಕ್ಕೆ ಬಂದು ನಿಲ್ಲಬೇಕಂತಿಲ್ಲ. ನಿನ್ನೆ ಪಾಸಾದ ಸೆಟ್ಟಿಂಗ್ ಇವತ್ತು ಆಫ್ ಮಾಡಿ ಆನ್ ಮಾಡಿದ ಮೇಲೆ ತಪ್ಪಬಹುದು.

"ಡಿಡಿಆರ್5ರಲ್ಲಿ ಇಸಿಸಿ ಇದೆಯಲ್ಲ, ತಪ್ಪೇ ಆಗಲ್ಲ" ಎಂಬ ನಂಬಿಕೆಯೂ ಓಡಾಡುತ್ತಿದೆ. ಇಸಿಸಿ ಅಂದರೆ ತಪ್ಪು ತಿದ್ದುವ ಏರ್ಪಾಡು, ಆದರೆ ಇದು ಚಿಪ್ಪಿನ ಒಳಗಿನದ್ದು. ಒಳಗೆ 128 ಬಿಟ್‌ಗಳಲ್ಲಿ ಒಂದು ತಪ್ಪಿದರೆ ತಿದ್ದುತ್ತದೆ. ಚಿಪ್ಪಿನಿಂದ ಹೊರಬಿದ್ದ ಮೇಲೆ ದಾರಿಯಲ್ಲಿ ಆಗುವ ತಪ್ಪಿಗೆ ಅದು ಏನೂ ಮಾಡದು.

ಇನ್ನು ಕೆಲವರು ಎಲ್ಲ ತಪ್ಪನ್ನೂ ಆಕಾಶದ ಮೇಲೆ ಹಾಕುತ್ತಾರೆ: "ಕಾಸ್ಮಿಕ್ ಕಿರಣ ಬಡಿದಿರಬೇಕು." ಇದಕ್ಕೊಂದು ನಿಜವಾದ ಹಿನ್ನೆಲೆ ಇದೆ. 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ತಿಮೊಥಿ ಮೇ ಮತ್ತು ಮರ್ರೆ ವುಡ್ಸ್, ಚಿಪ್ಪಿನ ಹೊದಿಕೆಯಲ್ಲಿದ್ದ ಯುರೇನಿಯಂ, ಥೋರಿಯಂ ಸುಳಿವಿನಿಂದ ಹೊರಟ ಆಲ್ಫಾ ಕಣಗಳು ಬಿಟ್ ತಿರುಗಿಸುತ್ತಿವೆ ಎಂದು ಕಂಡುಹಿಡಿದರು. ಕಾಸ್ಮಿಕ್ ಕಿರಣಗಳೂ ಬಿಟ್ ತಿರುಗಿಸುತ್ತವೆ, ಅದೂ ಸತ್ಯ. ಆದರೆ ಗೂಗಲ್ ತನ್ನ ಸರ್ವರ್‌ಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನೂರರಲ್ಲಿ ಎಂಟಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ತಪ್ಪು ಕಂಡಿತು. ತಪ್ಪಿದ ಪಟ್ಟಿಯೇ ಮತ್ತೆ ಮತ್ತೆ ತಪ್ಪುತ್ತಿತ್ತು. ಆಕಾಶಕ್ಕೆ ಅಂಥ ಪಕ್ಷಪಾತ ಇಲ್ಲ. ಅದರಲ್ಲೂ ನೀವೇ ಗಡುವು ಹಿಂಡಿದ ಮೆಮೊರಿ ವಾರಕ್ಕೆರಡು ಸಲ ತಪ್ಪಿದರೆ, ದಯವಿಟ್ಟು ನಕ್ಷತ್ರಗಳನ್ನು ಬಿಟ್ಟು ಬಯಾಸ್ ನೋಡಿ.

ಸರಿ, ಪರೀಕ್ಷೆ ಹೇಗೆ? ಸುಮ್ನೆ ಎಲ್ಲ ಕಡೆ 0 ಬರೆದು ಓದಿದರೆ ಆಗಲೇ ಹೇಳಿದ ವಾಲುವಿಕೆ ಸಿಕ್ಕುವುದೇ ಇಲ್ಲ, ಎಲ್ಲ ತೂಕವೂ ಒಂದೇ ಕಡೆಗೆ. ಅದಕ್ಕೇ 'ಮಾರ್ಚ್' ಪರೀಕ್ಷೆಗಳು ಹುಟ್ಟಿದವು. ಎಲ್ಲ ಕೋಶಕ್ಕೂ 0 ಬರೆ. ಕೆಳಗಿನಿಂದ ಮೇಲಕ್ಕೆ ಹೋಗುತ್ತ 0 ಓದಿ 1 ಬರೆ. ಮತ್ತೆ ಮೇಲಕ್ಕೆ, 1 ಓದಿ 0 ಬರೆ. ಆಮೇಲೆ ಇದನ್ನೇ ಮೇಲಿನಿಂದ ಕೆಳಕ್ಕೆ. ಅಕ್ಕಪಕ್ಕದವರು ಬದಲಾದಾಗಲೂ ತಾನು ಬದಲಾಗದೆ ನಿಂತೆಯಾ ಎಂದು ಪ್ರತಿ ಕೋಶವನ್ನೂ ಎರಡೂ ದಿಕ್ಕಿನಿಂದ ಕೇಳಿದ ಹಾಗೆ. 1994ರಿಂದ ಇರುವ ಮೆಮ್‌ಟೆಸ್ಟ್86 ಇಂಥ ಪರೀಕ್ಷೆಗಳನ್ನು ಆಪರೇಟಿಂಗ್ ಸಿಸ್ಟಂ ಇಲ್ಲದೆಯೇ ಓಡಿಸುತ್ತದೆ. ಕೆಟ್ಟ ಕೋಶ ಹಿಡಿಯಲು ಅದು ಒಳ್ಳೆಯದು. ಓವರ್‌ಕ್ಲಾಕ್‌ಗೆ ಅದೊಂದೇ ಸಾಲದು, ಪ್ರೊಸೆಸರ್ ಮತ್ತು ದಾರಿಯನ್ನು ಅದು ಅಷ್ಟಾಗಿ ದಣಿಸುವುದಿಲ್ಲ. ಟೆಸ್ಟ್‌ಮೆಮ್5, ಗೂಗಲ್‌ನವರು ಬರೆದ ಸ್ಟ್ರೆಸ್‌ಆ್ಯಪ್‌ಟೆಸ್ಟ್, ವೈ-ಕ್ರಂಚರ್, ಇವುಗಳಲ್ಲಿ ಎರಡನ್ನಾದರೂ ಸೇರಿಸಿಕೊಳ್ಳಿ. ಪರೀಕ್ಷೆ ಮುಗಿಯುವ ತನಕ ಬೇಕಾದ ಫೈಲ್‌ಗಳಿರುವ ಡಿಸ್ಕನ್ನು ಬಿಚ್ಚಿಟ್ಟಿರಿ.

ಎಷ್ಟು ಹೊತ್ತು? ಇಲ್ಲಿ ಒಂದು ಸುಲಭದ ಲೆಕ್ಕವಿದೆ, ಇದು ಯಾಕೆ ಎಲ್ಲರಿಗೂ ಗೊತ್ತಿಲ್ಲವೋ. ಒಂದೂ ತಪ್ಪಿಲ್ಲದೆ ಇಷ್ಟು ಗಂಟೆ ಕಳೆದರೆ, ಮೂರನ್ನು ಆ ಗಂಟೆಗಳಿಂದ ಭಾಗಿಸಿ. ತಪ್ಪಿನ ದರ ಅದಕ್ಕಿಂತ ಜಾಸ್ತಿ ಇಲ್ಲ ಎಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. ಮೂರು ಗಂಟೆ ಪಾಸಾದರೆ? ಗಂಟೆಗೊಂದು ತಪ್ಪು ಇನ್ನೂ ಸಾಧ್ಯ! ಇಡೀ ದಿನ ಪಾಸಾದರೂ ಎಂಟು ಗಂಟೆಗೊಂದು ತಪ್ಪನ್ನು ತಳ್ಳಿಹಾಕಲಾಗದು. 'ಸ್ಟೇಬಲ್' ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಅರ್ಥ ಇಲ್ಲ. ಅದಕ್ಕೇ ಬರೀ ಹೊತ್ತು ಹೆಚ್ಚಿಸುವುದಕ್ಕಿಂತ ಪರೀಕ್ಷೆಯನ್ನು ಕಠಿಣ ಮಾಡುವುದು ಮೇಲು: 0, 1ಗಳ ಬೇರೆ ಬೇರೆ ವಿನ್ಯಾಸ, ಹಲವು ಸಲ ಆಫ್-ಆನ್, ಮತ್ತು ಮುಖ್ಯವಾಗಿ ಬಿಸಿ.

ಬಿಸಿ ಯಾಕೆ ಅಂದರೆ, ಸೋರಿಕೆ. ಹತ್ತು ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಣ್ಣಗಿದ್ದಾಗ ಬಹುಪಾಲು ಕೋಶಗಳು ಸೆಕೆಂಡುಗಟ್ಟಲೆ ತಡೆಯಬಲ್ಲವು. 32 ಮಿಲಿಸೆಕೆಂಡಿನ ನಿಯಮ ಇರುವುದು ತೀರಾ ದುರ್ಬಲ ಕೋಶಗಳಿಗಾಗಿ, ಅದೂ 85 ಡಿಗ್ರಿಯವರೆಗಿನ ಬಿಸಿಗಾಗಿ. ಓವರ್‌ಕ್ಲಾಕ್ ಮಾಡುವವರು ಈ ಸಲುಗೆಯನ್ನೇ ಬಳಸಿಕೊಳ್ಳುತ್ತಾರೆ. ಟಿಆರ್‌ಇಎಫ್‌ಐ ಎಂಬ ಅಂಕಿಯನ್ನು 65535ಕ್ಕೆ ಏರಿಸಿದರೆ, 6000 ವೇಗದಲ್ಲಿ ಎರಡು ರಿಫ್ರೆಶ್ ಆದೇಶಗಳ ನಡುವಿನ ಅಂತರ 3.9 ಮೈಕ್ರೊಸೆಕೆಂಡಿನಿಂದ ಸುಮಾರು 21.8ಕ್ಕೆ ಹೋಗುತ್ತದೆ. ತುಂಬಿಸುವ ಕೆಲಸ ಕಡಿಮೆಯಾಗಿ ವೇಗ ಸಿಗುತ್ತದೆ. ಪ್ರತಿ ಕೋಶವೂ ಐದೂವರೆ ಪಟ್ಟು ಹೆಚ್ಚು ಹೊತ್ತು ಸೋರುತ್ತ ಕಾಯುತ್ತದೆ.

ನಾನು ಮಾಡಿದ್ದೂ ಇದನ್ನೇ. ಮೆಮೊರಿ ಪರೀಕ್ಷೆ ಹನ್ನೊಂದು ಗಂಟೆ ಪಾಸಾಗಿತ್ತು, ರಾತ್ರಿ, ಗ್ರಾಫಿಕ್ಸ್ ಕಾರ್ಡ್ ತಣ್ಣಗಿದ್ದಾಗ. ಜಿಪ್ ಫೈಲ್ ಕೆಟ್ಟ ಮೇಲೆ ಅದೇ ಪರೀಕ್ಷೆಯನ್ನು ಗ್ರಾಫಿಕ್ಸ್ ಕಾರ್ಡಿಗೂ ಪೂರ್ತಿ ಕೆಲಸ ಕೊಟ್ಟು ಓಡಿಸಿದೆ. ಅದರ ಬಿಸಿಗಾಳಿ ನೇರವಾಗಿ ಮೆಮೊರಿ ಪಟ್ಟಿಗಳ ಮೇಲೆ ಹಾಯುತ್ತದೆ. ನಲವತ್ತನೇ ನಿಮಿಷಕ್ಕೆ ಮೊದಲ ತಪ್ಪು ಬಂತು. ಅಂಕಿಯನ್ನು ಅರ್ಧಕ್ಕೆ ಇಳಿಸಿದೆ, ಮೂರನೇ ಗಂಟೆಯಲ್ಲಿ ಮತ್ತೊಂದು. ಮೊದಲಿದ್ದ 3.9ಕ್ಕೇ ವಾಪಸ್ ತಂದ ಮೇಲೆ ಎರಡು ಹಗಲು, ಎರಡು ರಾತ್ರಿ, ಅದೇ ಬಿಸಿಯಲ್ಲಿ, ಒಂದೂ ಬರಲಿಲ್ಲ. ಆಮೇಲೆ ಆ ನಾಲ್ಕು ತಿಂಗಳಲ್ಲಿ ಬರೆದ ಪ್ರತಿ ಫೈಲನ್ನೂ ಹಳೆಯ ಬ್ಯಾಕಪ್ ಜೊತೆ ಒಂದೊಂದಾಗಿ ಹೋಲಿಸಿ ನೋಡಲು ಕೂತೆ.