ಲಾರಿ ಚಾಲಕನ ಮೊದಲ ತಿಂಗಳುಗಳು: ಯಾವ ಕಷ್ಟ ಕಳೆಯುತ್ತದೆ, ಯಾವುದು ಕಳೆಯುವುದಿಲ್ಲ?

ಪ್ರಶ್ನೆ: ನೆಲಮಂಗಲದ ಬಳಿಯ ಒಂದು ಸಾಗಣೆ ಕಂಪನಿಯಲ್ಲಿ ಲಾರಿ ಚಾಲಕನಾಗಿ ಸೇರಿ ಮೂರನೆಯ ತಿಂಗಳು ನಡೆಯುತ್ತಿದೆ. ಪುಣೆ, ಮುಂಬೈ, ಸೇಲಂ, ಚೆನ್ನೈ ಕಡೆಗೆ ಹೋಗುತ್ತೇನೆ. ಸರಿಯಾದ ನಿದ್ದೆ ಇಲ್ಲ, ಹೊತ್ತಿಗೆ ಊಟವಿಲ್ಲ, ಮನೆಯ ಚಿಂತೆ ಬಿಡುವುದಿಲ್ಲ. ‘ಆರು ತಿಂಗಳು ತಡೆದುಕೋ, ಎಲ್ಲ ಸರಿಹೋಗುತ್ತದೆ’ ಎಂದು ಹಳಬರು ಹೇಳುತ್ತಾರೆ. ನಿಜವಾಗಿಯೂ ಸರಿಹೋಗುತ್ತದೆಯೇ?

ಉತ್ತರ: ಅರ್ಧ ಸರಿಹೋಗುತ್ತದೆ. ಉಳಿದರ್ಧ ನೀವು ಆರು ವರ್ಷ ತಡೆದುಕೊಂಡರೂ ಹಾಗೆಯೇ ಇರುತ್ತದೆ. ಏಕೆಂದರೆ ಅದು ಕಲಿಕೆಯ ಕಷ್ಟವಲ್ಲ, ಕೆಲಸ ಮಾಡಿಸುವವರ ರೀತಿಯಿಂದ ಹುಟ್ಟುವ ಕಷ್ಟ. ಹಳಬರ ಮಾತು ಎರಡನ್ನೂ ಬೆರೆಸಿಬಿಡುತ್ತದೆ. ಹೊಸಬನು ತಾಳಬೇಕಾದ ಕಡೆ ಕೆಲಸ ಬಿಟ್ಟು ಓಡುವುದಕ್ಕೂ, ತಾಳಬಾರದ ಕಡೆ ಹಲ್ಲುಕಚ್ಚಿ ಕೂರುವುದಕ್ಕೂ ಈ ಬೆರಕೆಯೇ ಕಾರಣ.

ಕಳೆಯುವ ಕಷ್ಟಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹತ್ತು ಹನ್ನೆರಡು ಚಕ್ರದ ಗಾಡಿಯನ್ನು ಇಕ್ಕಟ್ಟಾದ ಗೋದಾಮಿನಲ್ಲಿ ಹಿಂದಕ್ಕೆ ತೆಗೆಯುವುದು, ಟಾರ್ಪಾಲು ಬಿಗಿಯುವುದು, ಹಗ್ಗದ ಗಂಟು, ಗೇಟಿನಲ್ಲಿ ಯಾವ ಕಾಗದವನ್ನು ಯಾರಿಗೆ ತೋರಿಸಬೇಕೆಂಬುದು, ಗಡಿ ದಾಟಿದ ಮೇಲೆ ಹರಕುಮುರುಕು ಹಿಂದಿಯಲ್ಲಿ ದಾರಿ ಕೇಳುವುದು: ಇವೆಲ್ಲ ಕೈಗೆ ಬರುತ್ತವೆ. ಸೊಂಟನೋವು ಪೂರ್ತಿ ಹೋಗದಿದ್ದರೂ, ಆಸನದ ಎತ್ತರ ಮತ್ತು ಒರಗುವಿಕೆಯನ್ನು ಹೊಂದಿಸಿಕೊಂಡು, ಗಾಡಿ ನಿಂತಾಗಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕಡಿಮೆಯಾಗುತ್ತದೆ. ಮೂರನೆಯ ತಿಂಗಳಿಗೂ ಇವು ಬಂದಿಲ್ಲವೆಂದು ಬೇಸರ ಬೇಡ.

ನಿದ್ದೆಯ ವಿಷಯ ಬೇರೆ. ಅದು ಅಭ್ಯಾಸದಿಂದ ಸರಿಹೋಗುವುದಿಲ್ಲ, ಮತ್ತು ಬೆಂಗಳೂರಿನಿಂದ ಹೊರಡುವ ಚಾಲಕರಿಗೆ ಇಲ್ಲಿಯದೇ ಒಂದು ಗಂಡಾಂತರವಿದೆ. ನಗರದೊಳಗೆ ಹಗಲಿನ ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಎದ್ದವನು ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಇಡೀ ದಿನ ಲೋಡಿಗಾಗಿ ಕಾಯುತ್ತಾನೆ. ಲೋಡು, ಬಿಲ್ಟಿ (ಸರಕಿನ ರಸೀದಿ), ತೂಕ ಮುಗಿದು ತುಮಕೂರು ರಸ್ತೆ ಹಿಡಿಯುವಾಗ ರಾತ್ರಿ ಹತ್ತು. ಕಂಪನಿಯ ಲೆಕ್ಕದಲ್ಲಿ ಅವನ ಕೆಲಸ ಆಗ ಶುರುವಾಗುತ್ತದೆ. ದೇಹದ ಲೆಕ್ಕದಲ್ಲಿ ಅವನು ಎದ್ದು 16 ಗಂಟೆ ಕಳೆದಿದೆ. 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ 0.05 ಪ್ರತಿಶತ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ಕಾನೂನು ಚಾಲಕನಿಗೆ ಇಟ್ಟಿರುವ ಮಿತಿ 0.03. ಅಂದರೆ ಒಂದು ಹನಿ ಕುಡಿಯದೆಯೂ ನೀವು ಶಿರಾ ತಲುಪುವ ಮೊದಲೇ ಕುಡಿದವನ ಹಾಗೆ ಗಾಡಿ ಓಡಿಸುತ್ತಿರುತ್ತೀರಿ.

ಆದ್ದರಿಂದ ಕಾಯುವ ಹೊತ್ತನ್ನು ಮೊಬೈಲಿಗೆ ಕೊಡಬೇಡಿ. ಲೋಡಿನ ಸರದಿ ದೂರವಿದೆ ಎಂದು ಗೊತ್ತಾದ ಕೂಡಲೇ ಕ್ಯಾಬಿನ್‌ನಲ್ಲಿ ಮಲಗಿ, ಸರದಿ ಬಂದಾಗ ಎಬ್ಬಿಸಲು ಪಕ್ಕದ ಗಾಡಿಯವನಿಗೆ ಹೇಳಿಡಿ. ಬೆಳಗಿನ ಜಾವ ಎರಡರಿಂದ ಐದರವರೆಗೆ ದೇಹ ತಾನಾಗಿಯೇ ಮಂಕಾಗುತ್ತದೆ. ಆಗ ಹಾಡು, ತಣ್ಣನೆಯ ಗಾಳಿ, ಮೆಣಸಿನಕಾಯಿ, ಗುಟ್ಕಾ ಯಾವುದೂ ನಿದ್ದೆಯನ್ನು ತಡೆಯುವುದಿಲ್ಲ, ತಡೆದೆವೆಂಬ ಭ್ರಮೆ ಕೊಡುತ್ತವೆ ಅಷ್ಟೇ. ಹಿಂದಿನ ಎರಡು ಮೂರು ಕಿಲೋಮೀಟರ್ ದಾರಿ ನೆನಪಿಗೆ ಬರುತ್ತಿಲ್ಲವೆಂದರೆ ನೀವಾಗಲೇ ಕ್ಷಣಕಾಲ ನಿದ್ದೆ ಮಾಡಿದ್ದೀರಿ ಎಂದೇ ತಿಳಿಯಿರಿ. ಒಂದು ಕಪ್ ಕಾಫಿ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಮಲಗುವುದು ನಾನು ಬಲ್ಲ ಅತ್ಯುತ್ತಮ ತುರ್ತು ಉಪಾಯ. ಕಾಫಿಯ ಕೆಲಸ ಆರಂಭವಾಗುವ ಹೊತ್ತಿಗೆ ನಿದ್ದೆಯೂ ಮುಗಿದಿರುತ್ತದೆ. ಆದರೆ ಅದು ಮುಂದಿನ ಸುರಕ್ಷಿತ ನಿಲ್ದಾಣ ಮುಟ್ಟಲು ಸಾಕು, ರಾತ್ರಿಯ ನಿದ್ದೆಗೆ ಬದಲಿಯಲ್ಲ. ನಿಲ್ಲಿಸುವುದು ಡಾಬಾದ ಅಂಗಳದಲ್ಲೋ ಪೆಟ್ರೋಲ್ ಬಂಕಿನಲ್ಲೋ ಇರಲಿ. ಹೆದ್ದಾರಿಯ ಅಂಚಿನಲ್ಲಿ ದೀಪ ಆರಿಸಿ ನಿಲ್ಲಿಸಿದ ಲಾರಿ ಹಿಂದಿನಿಂದ ಬರುವವರಿಗೆ ಯಮನೇ ಸರಿ.

‘ನಿಲ್ಲಿಸಿದರೆ ಇ-ವೇ ಬಿಲ್ ಮುಗಿಯುತ್ತದೆ’ ಎಂದು ಮೇಲ್ವಿಚಾರಕರು ಹೆದರಿಸುತ್ತಾರಲ್ಲವೇ? ಸರಕಿನ ಜೊತೆ ಇರಬೇಕಾದ, ಇಂತಿಷ್ಟು ದಿನವೆಂದು ಅವಧಿಯಿರುವ ಜಿಎಸ್‌ಟಿ ದಾಖಲೆ ಅದು. ಇಲ್ಲಿ ಸ್ವಲ್ಪ ಗಣಿತ ಮಾಡೋಣ. 2021ರ ಜನವರಿಯಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಸಿಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಹೆಚ್ಚು ಕಡಿಮೆ ಸಾವಿರ ಕಿಲೋಮೀಟರ್, ಅಂದರೆ ಐದು ದಿನ. ಗಂಟೆಗೆ ಸರಾಸರಿ 40 ಕಿಲೋಮೀಟರಿನಂತೆ ದಿನಕ್ಕೆ ಹತ್ತು ಗಂಟೆ ಓಡಿಸಿದರೂ ಮೂರು ದಿನದೊಳಗೆ ತಲುಪುತ್ತೀರಿ. ಗಾಡಿ ಕೆಟ್ಟು ತಡವಾದರೂ, ಅವಧಿ ಮುಗಿಯುವುದಕ್ಕೆ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ಅದನ್ನು ವಿಸ್ತರಿಸಲು ಸಾಗಣೆದಾರರಿಗೆ ಅವಕಾಶವಿದೆ. ಅವಧಿ ಮೀರಿ ಸಿಕ್ಕಿಬಿದ್ದರೆ ದಂಡ ದೊಡ್ಡದು ಎಂಬುದು ನಿಜ. ಆದರೆ ನಿಮ್ಮ ಒಂದು ರಾತ್ರಿಯ ನಿದ್ದೆಯಿಂದ ಬಿಲ್ ಮುಗಿಯುವುದಿಲ್ಲ. ಮುಗಿಯುವುದು ಲೋಡಿಂಗಿನಲ್ಲಿ ಕಳೆದ ದಿನಗಳಿಂದ, ಅದರ ಹೊಣೆ ನಿಮ್ಮದಲ್ಲ.

ಹತ್ತು ಗಂಟೆ ಎಂದು ಸುಮ್ಮನೆ ಹೇಳಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ದೂರದ ಮಾರ್ಗಗಳಿಗೆ ಅನುಮತಿಯ ಮೇಲೆ 10 ಮತ್ತು 54ರವರೆಗೆ ಹೋಗಬಹುದಿತ್ತು, ಐದು ಗಂಟೆಯ ಕೆಲಸದೊಳಗೆ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು. ಈಗ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಆದರೂ ನಿಮ್ಮ ಕಂಪನಿಯನ್ನು ಅಳೆದು ನೋಡಲು ಈ ಲೆಕ್ಕ ಚೆನ್ನಾಗಿದೆ. ಒಮ್ಮೊಮ್ಮೆ ಇದನ್ನು ಮೀರುವ ಮಾಲೀಕರು ಎಲ್ಲೆಡೆ ಇದ್ದಾರೆ. ಪ್ರತಿ ಸಲವೂ ಮೀರಿಸುವವರ ಬಳಿ ಆರು ತಿಂಗಳು ತಡೆದರೆ ಏನೂ ಸರಿಹೋಗುವುದಿಲ್ಲ.

ಹೊಸಬರಿಗೆ ಹಳಬರೇ ಕಲಿಸುವ ಒಂದು ಕೆಟ್ಟ ಪಾಠದ ಬಗ್ಗೆ ಹೇಳಲೇಬೇಕು: ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗಿಯರ್ ತೆಗೆದು ನ್ಯೂಟ್ರಲ್‌ನಲ್ಲಿ ಗಾಡಿ ಉರುಳಿಸುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೊರಟರೆ ಶಿರಾಡಿ ಘಾಟಿ, ಸೇಲಂಗೆ ಹೊರಟರೆ ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ, ಮುಂಬೈಗೆ ಹೊರಟರೆ ಪುಣೆಯ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು, ಎಲ್ಲವೂ ಹೋಗುವಾಗ, ತುಂಬಿದ ಗಾಡಿಯಲ್ಲೇ ಎದುರಾಗುತ್ತವೆ. ತೊಪ್ಪೂರು ಮತ್ತು ನವಲೆಯಲ್ಲಿ ಬ್ರೇಕ್ ಹಿಡಿಯದ ಲಾರಿಗಳು ಮುಂದಿನ ವಾಹನಗಳ ಮೇಲೆ ಏರಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್‌ನ ತಡೆ ಇಲ್ಲವಾಗಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ. ಎಂಜಿನ್ ಆರಿಸಿದರಂತೂ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಸ್ಟೀರಿಂಗೂ ಬಿಗಿಯಾಗುತ್ತದೆ. ಇಷ್ಟೆಲ್ಲ ಮಾಡಿದರೂ ಡೀಸೆಲ್ ಉಳಿಯುತ್ತದೆಯೇ? ಈಗಿನ ಎಂಜಿನ್‌ಗಳು ಗಿಯರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಡೀಸೆಲ್ ಪೂರೈಕೆಯನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಡೀಸೆಲ್ ಬೇಕೇ ಬೇಕು. ಘಾಟಿಯ ತಲೆಯಲ್ಲೇ ಗಾಳಿಯ ಒತ್ತಡದ ಮುಳ್ಳು ನೋಡಿ, ಚಿಕ್ಕ ಗಿಯರಿಗೆ ಹಾಕಿ, ಎಕ್ಸಾಸ್ಟ್ ಬ್ರೇಕ್ (ಎಂಜಿನ್‌ನ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಬಳಸಿ ಇಳಿಯಿರಿ. ಹಿಂದಿನವನು ಹಾರ್ನ್ ಹೊಡೆಯಲಿ ಬಿಡಿ.

ಊಟಕ್ಕಿಂತ ನೀರಿನ ವಿಷಯ ನನಗೆ ಹೆಚ್ಚು ಆತಂಕದ್ದು. ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯದೆ ಓಡಿಸುವವರು ಬಹಳ. ಬಿಸಿ ಕ್ಯಾಬಿನ್, ಕಡಿಮೆ ನೀರು, ಮೂತ್ರ ತಡೆಯುವ ಅಭ್ಯಾಸ ಸೇರಿದರೆ ಮೂತ್ರಪಿಂಡದಲ್ಲಿ ಕಲ್ಲಾಗಲು ದಾರಿ. 2025ರ ಅಕ್ಟೋಬರಿನಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವಾಗಿದೆ, ಆದರೆ ಹೊಸಬನಿಗೆ ಹೊಸ ಗಾಡಿ ಕೊಡುವ ಪುಣ್ಯಾತ್ಮರು ಎಷ್ಟು ಜನ? ರಾತ್ರಿ ಡಾಬಾದಲ್ಲಿ ಹೊಟ್ಟೆಬಿರಿಯ ಅನ್ನ ಉಂಡು ಸ್ಟೀರಿಂಗ್ ಹಿಡಿಯಬೇಡಿ, ಮೊದಲು ಸ್ವಲ್ಪ, ಮಲಗುವ ಮುನ್ನ ಉಳಿದದ್ದು.

ಮನೆಯ ಚಿಂತೆಗೆ ನನ್ನ ಬಳಿ ಔಷಧವಿಲ್ಲ. ಓಡಿಸುತ್ತಾ ಮಾತನಾಡುವುದರಿಂದ ಅದು ಕಡಿಮೆಯಾಗುವುದಿಲ್ಲ ಎಂದಷ್ಟೇ ಬಲ್ಲೆ. ಗಾಡಿ ನಿಲ್ಲಿಸುವ ಹೊತ್ತನ್ನು ಮನೆಯವರಿಗೆ ಮೊದಲೇ ಹೇಳಿ, ಆಗ ನೀವೇ ಕರೆ ಮಾಡಿ. ಫೋನು ಎತ್ತದಿದ್ದರೆ ಅವರೂ ಗಾಬರಿಯಾಗುವುದಿಲ್ಲ. ಮುಂದಿನ ಟ್ರಿಪ್ ಒಪ್ಪಿಕೊಳ್ಳುವ ಮೊದಲೇ ರಜೆಯ ದಿನ ಗೊತ್ತುಮಾಡಿಕೊಳ್ಳುವುದೂ ಒಳ್ಳೆಯದು.

ಇನ್ನು ದುಡ್ಡು. ಬಾಟಾ (ಟ್ರಿಪ್ಪಿನ ಭತ್ಯೆ) ಎಷ್ಟು, ಮುಂಗಡ ಎಷ್ಟು, ಹಮಾಲರ ಕೂಲಿ ಯಾರು ಕೊಡಬೇಕು, ದಂಡ ಯಾರದು ಎಂಬುದನ್ನು ಬಾಯಿಮಾತಿಗೆ ಬಿಡದೆ ಒಂದು ಪುಸ್ತಕದಲ್ಲಿ ಬರೆದು, ಚೀಟಿಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಹೆಚ್ಚು ಭಾರ ಹೇರಿದ ಗಾಡಿಗೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ದಂಡವಿದೆ. ತೂಕದ ಚೀಟಿ ನೋಡದೆ ಲೋಡು ಎತ್ತಬೇಡಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಅಪಘಾತವಾದರೆ 112. ಅಪಘಾತದಲ್ಲಿ ಗಾಯಾಳುವಿಗೆ ನೆರವು ಕೊಡಿಸುವುದು ಚಾಲಕನ ಕಾನೂನಿನ ಹೊಣೆ. ಜನ ರೊಚ್ಚಿಗೆದ್ದು ಅಲ್ಲಿ ನಿಲ್ಲಲಾಗದ ಸ್ಥಿತಿಯನ್ನು ಮೋಟಾರು ವಾಹನ ಕಾಯ್ದೆಯ 134ನೆಯ ಸೆಕ್ಷನ್ ಗುರುತಿಸುತ್ತದೆ. ಆಗಲೂ ಪೊಲೀಸರಿಗೆ ತಿಳಿಸುವುದು ತಪ್ಪುವುದಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಿದ್ದರೆ, ಮುಂದಿನ ಟ್ರಿಪ್‌ನಲ್ಲಿ ‘ನಿದ್ದೆ ಬರುತ್ತಿದೆ, ನಿಲ್ಲಿಸಿದ್ದೇನೆ, ಇಷ್ಟು ಹೊತ್ತಿಗೆ ಹೊರಡುತ್ತೇನೆ’ ಎಂದು ಕಚೇರಿಗೆ ಕರೆ ಮಾಡಿ ತಿಳಿಸಿ. ಗೊಣಗಿ ಒಪ್ಪಿದರೆ ಅಲ್ಲಿಯೇ ಇರಿ, ಉಳಿದದ್ದು ಕಾಲಕ್ರಮದಲ್ಲಿ ಕೈಗೆ ಬರುತ್ತದೆ. ಬೈದು, ಬಾಟಾ ಕಡಿತ ಮಾಡಿ, ಗಾಡಿ ಎಬ್ಬಿಸಿದರೆ ಬೇರೆ ಕಡೆ ಕೆಲಸ ಹುಡುಕಲು ಶುರುಮಾಡಿ. ಯಶವಂತಪುರದ ಟ್ರಕ್ ಟರ್ಮಿನಲ್‌ನಲ್ಲಿ ಒಂದು ಸಂಜೆ ಕಳೆದರೆ ಯಾವ ಮಾಲೀಕರು ಹೇಗೆಂಬುದನ್ನು ಚಾಲಕರೇ ಹೇಳುತ್ತಾರೆ. ಬಿಡುವ ಮೊದಲು ಬಾಕಿ ಬಾಟಾದ ಲೆಕ್ಕ ಮುಗಿಸಿಕೊಳ್ಳಿ. ಚಾಲನಾ ಪರವಾನಗಿಯ ಮೂಲ ಪ್ರತಿ ಅವರ ಕಪಾಟಿನಲ್ಲಿದ್ದರೆ ಅದನ್ನೂ ಮೊದಲೇ ಕೇಳಿ ಪಡೆಯಿರಿ.